ಕಟ್ಟಿದ್ದು ನಾಲ್ಕು, ಕಣ್ಣಿಗೆ ಸಿಗೋದು ಮೂರು: ಬುಗಾಟಿ ಅಟ್ಲಾಂಟಿಕ್ ಲೆಕ್ಕ ಹಿಡಿಯೋ ಪ್ರಕರಣ

ಹಳೇ ಕಾರಿನ ಹುಚ್ಚಿರೋರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಬುಗಾಟಿ ಅಟ್ಲಾಂಟಿಕ್ ಮಾತು ಬಂದೇ ಬರುತ್ತೆ, ಬಂದ ತಕ್ಷಣ "ಅಲ್ಲಾ, ಈಗ ಎಷ್ಟು ಉಳಿದಿವೆ?" ಅನ್ನೋದೂ ಶುರುವಾಗುತ್ತೆ. ಒಬ್ರು ಎರಡು ಅಂತಾರೆ, ಒಬ್ರು ಮೂರು ಅಂತಾರೆ, ಇನ್ನೊಬ್ರು ನಾಲ್ಕನೇದೂ ಎಲ್ಲೋ ಶೆಡ್ಡಲ್ಲಿ ಧೂಳು ತಿಂತಾ ನಿಂತಿದೆ ಕಣ್ರೀ ಅಂತ ಆಣೆ ಮಾಡ್ತಾರೆ. ಅಟ್ಲಾಂಟಿಕ್ ಅನ್ನೋದು ಬುಗಾಟಿ ಕಂಪನಿಯ ಒಂದು ಕಾರು ಬಾಡಿಯ ಹೆಸರು, ಆ ಬಾಡಿಯಲ್ಲಿ ಕಟ್ಟಿದ್ದೇ ನಾಲ್ಕು, ಅದೂ 1936ರಿಂದ 1938ರ ಒಳಗೆ. ನಾಲ್ಕೇ ನಾಲ್ಕು ಕಾರಿನ ಲೆಕ್ಕ ಇಷ್ಟು ಗೋಜಲು ಯಾಕಾಯ್ತು ಅಂತ ಸುಮಾರು ವರ್ಷದಿಂದ ಓದ್ತಾ ಬಂದಿದೀನಿ, ಓದ್ತಾ ಓದ್ತಾ ನಂಗೆ ಗಟ್ಟಿ ಅನ್ನಿಸಿದ್ದು ಒಂದೇ, ಇಂಥ ಕಾರು ಹುಡುಕೋದು ಅಂದ್ರೆ ಮುಕ್ಕಾಲು ಪಾಲು ಒಂದು ನಂಬರಿನ ಬೆನ್ನು ಬಿದ್ದು ಹೋಗೋ ಕೆಲಸ, ಶೆಡ್ಡಿನ ಬಾಗಿಲು ತೆಗೆಯೋದು ಕೊನೇ ಐದು ನಿಮಿಷ ಅಷ್ಟೇ.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಟ್ರಾನ್ಸ್‌ಫರ್ ಮಾಡ್ಸಿರೋರಿಗೆ ಇದು ಹೊಸ ವಿಷಯ ಅಲ್ಲ. ಚಿಕ್ಕಪ್ಪನ ಹಳೇ ಫಿಯಟ್ ಅಪ್ಪನ ಹೆಸರಿಗೆ ಮಾಡಿಸುವಾಗ ನಾನಿನ್ನೂ ಹೈಸ್ಕೂಲು. ಅಪ್ಪ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೇಲಿ ಜಿಡ್ಡು ಒರೆಸಿ, ಲೋಹದಲ್ಲಿ ಕೊರೆದ ಚಾಸಿಸ್ ನಂಬರ್ ಮೇಲೆ ತೆಳ್ಳನೆ ಬಿಳಿ ಪೇಪರ್ ಇಟ್ಟು "ಅಲ್ಲಾಡಿಸ್ದೆ ಒತ್ತಿ ಹಿಡ್ಕೋ" ಅಂದ್ರು, ಪೆನ್ಸಿಲ್ ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿದ ಹಾಗೆ ಕಪ್ಪು ಮಧ್ಯದಿಂದ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಒಂದು 3 ತುಕ್ಕು ತಿಂದು 8ರ ಥರ ಕಾಣ್ತಿತ್ತು, ಅದೊಂದಕ್ಕೆ ಮೂರು ಸಲ ಪೇಪರ್ ಬದಲಾಯಿಸಿದ್ರು. ಆಮೇಲೆ ಆರ್‌ಸಿ ಬುಕ್ ಪಕ್ಕ ಇಟ್ಟು ಬೆರಳಿಟ್ಟು ಬೆರಳಿಟ್ಟು ಓದಿದ್ರು. ಕಾರು ಕಣ್ಣೆದುರಿಗೇ ನಿಂತಿತ್ತು, ಚಿಕ್ಕಪ್ಪ ಪಕ್ಕದಲ್ಲೇ ಇದ್ರು, ಆದ್ರೂ ಆ ಪೆನ್ಸಿಲ್ ಪ್ರಿಂಟ್ ಇಲ್ದೆ ಅದು ಅದೇ ಕಾರು ಅಂತ ಕಾಗದದ ಮೇಲೆ ಯಾರೂ ಒಪ್ತಿರಲಿಲ್ಲ. ಅಟ್ಲಾಂಟಿಕ್ ಬಗ್ಗೆ ಓದುವಾಗೆಲ್ಲ ನಂಗೆ ಆ ಪೇಪರ್ ನೆನಪಾಗುತ್ತೆ.

ಸರಿ, ಹಿನ್ನೆಲೆ. ಬುಗಾಟಿ ಫ್ಯಾಕ್ಟರಿ ಇದ್ದಿದ್ದು ಫ್ರಾನ್ಸಿನ ಅಲ್ಸೇಸ್ ಸೀಮೆಯ ಮೋಲ್ಶೈಮ್ ಅನ್ನೋ ಊರಲ್ಲಿ. ಯಜಮಾನ ಎತ್ತೋರೆ ಬುಗಾಟಿ, ಅವರ ಮಗ ಜಾನ್ ಬುಗಾಟಿ. 1934ರಿಂದ 1940ರವರೆಗೆ ಟೈಪ್ 57 ಅನ್ನೋ ಮಾಡೆಲ್ ಸುಮಾರು 700 ಚಾಸಿಸ್ ಹೊರಗೆ ಬಂತು, 3257 ಸಿಸಿ, ಸಾಲಾಗಿ ಎಂಟು ಸಿಲಿಂಡರ್. ಇದ್ರಲ್ಲೇ ತಗ್ಗು ಮಾಡಿದ ಒಂದು ಬಗೆ 57ಎಸ್, ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 3.30 ಮೀಟರಿಂದ 2.98ಕ್ಕೆ ಇಳೀತು, ಹಿಂದಿನ ಆಕ್ಸಲ್ ಚಾಸಿಸ್ ಕೆಳಗೆ ಹೋಗೋ ಬದಲು ಚಾಸಿಸ್ ಉಕ್ಕಿನಲ್ಲೇ ಕೊರೆದ ತೂತಿನ ಮೂಲಕ ಹಾದು ಹೋಗುತ್ತೆ, ರೇಡಿಯೇಟರ್ ಮುಂದುಗಡೆ ವಿ ಆಕಾರ. ಇಂಥವು ನಲವತ್ತು ಚಿಲ್ಲರೆ ಅಷ್ಟೇ. ಆ ನಲವತ್ತು ಚಿಲ್ಲರೆಯಲ್ಲಿ ನಾಲ್ಕಕ್ಕೆ ಜಾನ್ ಅಟ್ಲಾಂಟಿಕ್ ಬಾಡಿ ಕೂರಿಸಿದ್ದು. ಆಕ್ಸಲ್ ಹಾದು ಹೋಗೋ ಆ ತೂತು ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಬಾಡಿ ಹೇಗಿದೆ ಅಂತ ನೋಡಿಲ್ದೋರಿಗೆ ಹೇಳೋದಾದ್ರೆ, ನೀರಿನ ಹನಿ ಉದ್ದಕ್ಕೆ ಎಳೆದಂಗೆ, ಹಿಂಭಾಗ ನೆಲದ ಕಡೆಗೆ ಜಾರಿ ಹೋಗುತ್ತೆ, ಬಾಗಿಲು ಮೇಲೆ ರೂಫಿನ ಒಳಗೂ ಸ್ವಲ್ಪ ಕತ್ತರಿಸಿಕೊಂಡು ಹೋಗಿದೆ, ಕಿಟಕಿ ಗೋಡಂಬಿ ಆಕಾರ. ಇದಿಷ್ಟೂ ಒಂದು ಕಡೆ, ಕಣ್ಣು ನಿಲ್ಲೋದು ಮಾತ್ರ ಬೆನ್ನ ಮೇಲಿನ ಏಣಿನ ಮೇಲೆ. ಎಡ ಬಲ ಎರಡು ತಗಡಿನ ಅಂಚು ಮೇಲಕ್ಕೆ ಮಡಚಿ, ಬೆನ್ನಿಗೆ ಬೆನ್ನು ಜೋಡಿಸಿ, ಅಡ್ಡಕ್ಕೆ ರಿವೆಟ್ ಹೊಡೆದಿದ್ದಾರೆ, ರೂಫಿನ ಮೇಲಿಂದ ಬಾಲದ ತುದಿವರೆಗೂ ಸಾಲಾಗಿ ರಿವೆಟ್ ತಲೆಗಳು. ಮಡ್‌ಗಾರ್ಡ್ ಮೇಲೂ ಅದೇ ಥರ. ಇದರ ಮೂಲ 1935ರ ಪ್ಯಾರಿಸ್ ಮೋಟಾರ್ ಶೋನಲ್ಲಿ ನಿಲ್ಲಿಸಿದ್ದ ಏರೋಲಿತ್ ಅನ್ನೋ ಮಾದರಿ ಕಾರು. ಅದನ್ನ ಕಟ್ಟಿದ್ದು ಎಲೆಕ್ಟ್ರಾನ್ ಅನ್ನೋ ಮೆಗ್ನೀಸಿಯಂ ಮಿಶ್ರಲೋಹದಲ್ಲಿ, ಹಗುರ ಆದ್ರೆ ವೆಲ್ಡಿಂಗ್ ಮಾಡೋಕೆ ಹೋದ್ರೆ ಹತ್ತಿಕೊಂಡು ಉರಿಯೋ ಲೋಹ, ಅದಕ್ಕೇ ರಿವೆಟ್ ಬಿಟ್ರೆ ದಾರಿ ಇರಲಿಲ್ಲ. ಆಮೇಲೆ ಬಂದ ನಾಲ್ಕೂ ಅಟ್ಲಾಂಟಿಕ್ ಅಲ್ಯುಮಿನಿಯಂ, ವೆಲ್ಡ್ ಮಾಡ್ಬಹುದಿತ್ತು, ಆದ್ರೂ ಜಾನ್ ಆ ಏಣನ್ನ ಹಾಗೇ ಉಳಿಸಿಕೊಂಡ್ರು. "ಅಟ್ಲಾಂಟಿಕ್ ಮೆಗ್ನೀಸಿಯಂ ಕಾರು" ಅಂತ ಎಷ್ಟೋ ಜನ ಬರೀತಾರೆ, ಅದು ತಪ್ಪು, ಅಷ್ಟೇ ಅಲ್ಲ, ಲೆಕ್ಕ ಕೆಡೋದೂ ಅಲ್ಲಿಂದಲೇ, ಯಾಕಂದ್ರೆ ಏರೋಲಿತ್ತನ್ನೂ ಅಟ್ಲಾಂಟಿಕ್ ಜೊತೆ ಸೇರಿಸಿ ಐದು ಅಂದುಬಿಡ್ತಾರೆ. ಏರೋಲಿತ್ ಬೇರೆ, ಅದು ಉಳಿದಿಲ್ಲ. ಈಗ ಅಲ್ಲಲ್ಲಿ ತಿಳಿ ಹಸಿರು ಬಣ್ಣದಲ್ಲಿ ತೋರಿಸ್ತಾರಲ್ಲ, ಅದು ಕೆನಡಾದ ಒಂದು ವರ್ಕ್‌ಶಾಪಿನೋರು ಹಳೇ ಟೈಪ್ 57 ಚಾಸಿಸ್ ಮೇಲೆ ಹಳೇ ಫೋಟೋಗಳನ್ನ ನೋಡಿ ಮರಳಿ ಕಟ್ಟಿದ್ದು. ಬಹಳ ಶ್ರದ್ಧೆಯ ಕೆಲಸ, ಆದ್ರೆ 1935ರ ಕಾರಲ್ಲ.

ಇನ್ನೊಂದು ಗೊಂದಲ ಹೆಸರಿಂದು. ಅಟಲಾಂಟ್ ಅಂತ ಬುಗಾಟಿಯ ಇನ್ನೊಂದು ಕೂಪೆ ಬಾಡಿ ಇದೆ, ಕಿವಿಗೆ ಅಟ್ಲಾಂಟಿಕ್ ಥರಾನೇ ಕೇಳುತ್ತೆ, ಅದು ಬೇರೆ ಬಾಡಿ, ಅದರ ಸಂಖ್ಯೆನೂ ಜಾಸ್ತಿ. ಅಟ್ಲಾಂಟಿಕ್ ಅನ್ನೋ ಹೆಸರು ಬಂದಿದ್ದು ಜಾನ್ ಅವರ ಸ್ನೇಹಿತ, ಪೈಲಟ್ ಜಾನ್ ಮೆರ್ಮೋಜ್ ನೆನಪಿಗೆ. 1936ರ ಡಿಸೆಂಬರಲ್ಲಿ ದಕ್ಷಿಣ ಅಟ್ಲಾಂಟಿಕ್ ಸಮುದ್ರದ ಮೇಲೆ ಅವರ ವಿಮಾನ ಕಾಣೆಯಾಯ್ತು, ಇವತ್ತಿಗೂ ಸಿಕ್ಕಿಲ್ಲ.

ಈಗ ಆ ನಾಲ್ಕು ಅಟ್ಲಾಂಟಿಕ್‌ಗಳ ಚಾಸಿಸ್ ನಂಬರ್. 57374, 57453, 57473, 57591.

ಮೊದಲನೇದು ಸುಲಭ. 57374 ಅನ್ನ 1936ರಲ್ಲಿ ತಗೊಂಡಿದ್ದು ಇಂಗ್ಲೆಂಡಿನ ವಿಕ್ಟರ್ ರಾತ್ಸ್‌ಚೈಲ್ಡ್, ದೊಡ್ಡ ಬ್ಯಾಂಕಿಂಗ್ ಮನೆತನ, ತಾವು ಪ್ರಾಣಿಶಾಸ್ತ್ರಜ್ಞರು. ಕೊಂಡಾಗ ಸೂಪರ್‌ಚಾರ್ಜರ್, ಅಂದ್ರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪು, ಇರಲಿಲ್ಲ, ಆಮೇಲೆ ಹಾಕಿಸಿದ್ದು, ಹಂಗಾಗಿ 57ಎಸ್ ಹೋಗಿ 57ಎಸ್‌ಸಿ ಆಯ್ತು. ಯುದ್ಧ ಮುಗಿದ ಮೇಲೆ ಕಾರು ಅಮೆರಿಕಕ್ಕೆ ಹೋಯ್ತು. 1971ರಲ್ಲಿ ಹರಾಜಲ್ಲಿ 59,000 ಡಾಲರಿಗೆ ಪೀಟರ್ ವಿಲಿಯಮ್ಸನ್ ಅನ್ನೋ ನರರೋಗ ತಜ್ಞರು ಕೊಂಡ್ರು, ಆವತ್ತಿಗೆ ಜನ ಬಾಯಿ ಬಿಟ್ಕೊಂಡು ನೋಡಿದ ರೇಟು ಅದು. 2003ರಲ್ಲಿ ಅಮೆರಿಕದ ಪೆಬಲ್ ಬೀಚ್ ಹಳೇ ಕಾರಿನ ಪ್ರದರ್ಶನದಲ್ಲಿ ಬೆಸ್ಟ್ ಆಫ್ ಶೋ, ಅಂದ್ರೆ ಅಲ್ಲಿನ ಅತಿ ದೊಡ್ಡ ಬಹುಮಾನ, ಗೆದ್ದಿದ್ದು ಇದೇ ಕಾರು. 2010ರಲ್ಲಿ ಖಾಸಗಿಯಾಗಿ ಮಾರಾಟ ಆದಾಗ 30ರಿಂದ 40 ಮಿಲಿಯನ್ ಡಾಲರ್ ಅಂತ ಸುದ್ದಿ ಆಯ್ತು. ಈ ಕಾರಿನ ಕೈಬದಲಾವಣೆ ಸರಪಳಿ ಎಲ್ಲೂ ಕಡಿದಿಲ್ಲ. ಹುಡುಕೋ ಕೆಲಸವೇ ಇಲ್ಲ ಇಲ್ಲಿ.

57591 ಕೂಡ ಹಾಗೇ. ಕೊನೇದು, 1938ರ ಮೇನಲ್ಲಿ ಲಂಡನ್ನಿನ ವಕೀಲರಾದ ರಿಚರ್ಡ್ ಪೋಪ್ ಅವರಿಗೆ ಡೆಲಿವರಿ, ನೋಂದಣಿ ನಂಬರ್ ಇಎಕ್ಸ್‌ಕೆ 6. 1988ರಿಂದ ಇದು ಫ್ಯಾಷನ್ ಡಿಸೈನರ್ ರಾಲ್ಫ್ ಲಾರೆನ್ ಹತ್ರ ಇದೆ, 1990ರಲ್ಲಿ ಪೆಬಲ್ ಬೀಚ್ ಗೆದ್ದಿದೆ. ಅವರು ಇದಕ್ಕೆ ಕಪ್ಪು ಬಣ್ಣ ಹೊಡೆಸಿದ್ರು. ಆ ಕಪ್ಪಿನಿಂದ ಆಗಿರೋ ತಾಪತ್ರಯ ಹೇಳ್ತೀನಿ ಕೇಳಿ. "ಕಳೆದುಹೋದ ಕಪ್ಪು ಬುಗಾಟಿ ಸಿಕ್ತು" ಅಂತ ವಾಟ್ಸಾಪಲ್ಲಿ ವರ್ಷಕ್ಕೊಂದು ಸಲ ಬರೋ ಫೋಟೋ ಇದೆಯಲ್ಲ, ನಂಗೆ ಬಂದವುಗಳಲ್ಲಿ ಬಹುತೇಕ ಇದೇ ಕಾರು. ಬಣ್ಣ ನೋಡಿ ಕಾರು ಗುರುತಿಸೋದು ಸೀರೆ ನೋಡಿ ಮದುವೆ ಮನೇಲಿ ಅತ್ತೇನ ಗುರುತಿಸಿದಂಗೆ, ಹಿಂದಿಂದ ಕರೆದು ತಿರುಗಿದಾಗ ಬೇರೆ ಯಾರೋ ಆಗಿರ್ತಾರೆ. ಬಣ್ಣ ಎಷ್ಟು ಸಲ ಬೇಕಾದ್ರೂ ಬದಲಾಗುತ್ತೆ, ಹುಡುಕೋರು ಅದನ್ನ ಸಾಕ್ಷಿ ಅಂತ ತಗೊಳ್ಳೋದೇ ಇಲ್ಲ.

ಮೂರನೇದು, 57473, ಇಲ್ಲಿ ಕಥೆ ಭಾರ ಆಗುತ್ತೆ. 1936ರ ಕೊನೇಲಿ ಫ್ರಾನ್ಸಲ್ಲೇ ಜಾಕ್ ಹೋಲ್ಜ್‌ಶು ಅನ್ನೋರಿಗೆ ಮಾರಿದ್ದು. ಮುಂದೆ ಬೇರೆ ಕೈಗೆ ಹೋಯ್ತು. 1955ರ ಆಗಸ್ಟಲ್ಲಿ ಜಿಯೆನ್ ಊರಿನ ಹತ್ರ ರೈಲ್ವೆ ಲೆವೆಲ್ ಕ್ರಾಸಿಂಗಲ್ಲಿ ರೈಲು ಬಂದು ಹೊಡೀತು, ಆಗಿನ ಮಾಲೀಕರು ಮತ್ತೆ ಜೊತೆಗಿದ್ದ ಮಹಿಳೆ ಇಬ್ರೂ ತೀರಿಕೊಂಡ್ರು. ಕಾರು ಹೆಚ್ಚುಕಡಿಮೆ ನಾಶ. ಆ ಜಖಂ ಆದ ಭಾಗಗಳನ್ನ 1960ರ ದಶಕದಲ್ಲಿ ಫ್ರಾನ್ಸಿನ ಸಂಗ್ರಾಹಕರೊಬ್ರು ಕೊಂಡು ವರ್ಷಗಟ್ಟಲೆ ಕೂತು ಮತ್ತೆ ನಿಲ್ಲಿಸಿದ್ರು. ಎಂಜಿನ್ ಮಾತ್ರ ಬಳಸೋ ಸ್ಥಿತೀಲಿ ಇರಲಿಲ್ಲ, ಅದು ಹೋಯ್ತು.

ಈಗ ಇದು ಉಳಿದಿರೋ ಅಟ್ಲಾಂಟಿಕ್ಕಾ, ಅಲ್ವಾ? ಎರಡೇ ಉಳಿದಿವೆ ಅನ್ನೋರು ಇದನ್ನೇ ಬಿಟ್ಟು ಎಣಿಸ್ತಾರೆ. ಅವರ ವಾದ ಹಗುರಾಗಿ ತಗೊಳ್ಳೋ ಹಂಗಿಲ್ಲ, ಎಂಜಿನ್ ಇಲ್ಲ, ತಗಡಿನಲ್ಲಿ ಬಹುಪಾಲು ಹೊಸದಾಗಿ ತಟ್ಟಿದ್ದು, ಟಿಂಕರಿಂಗ್ ಮಾಡಿದೋರ ಕೈಚಳಕಾನೇ ನೋಡ್ತಿದೀವಿ ಅಂತಾರೆ. ನಾನು ಬಹಳ ದಿನ ಆ ಕಡೆನೇ ಇದ್ದೆ. ಆದ್ರೆ ನಮ್ಮೂರ ತೇರು ಇದೆ, ಗಾಲಿ ಹೋದಾಗ ಗಾಲಿ ಬದಲಾಯಿಸಿದ್ದಾರೆ, ಅಚ್ಚು ಮುರಿದಾಗ ಅಚ್ಚು, ಕೆತ್ತನೆ ಹಲಗೆಗಳು ಒಂದೊಂದೂ ಒಂದೊಂದು ಕಾಲದ್ದು, ಅಜ್ಜ ಎಳೆದ ತೇರು ಇದೇ ಅಂತ ನಾವು ಕಣ್ಣು ಮುಚ್ಚಿ ಹೇಳ್ತೀವಿ, ಯಾಕಂದ್ರೆ ಯಾವತ್ತು ಏನು ಬದಲಾಯ್ತು ಅಂತ ಊರಿಗೆ ಗೊತ್ತು, ಇದೇ ನಮ್ಮ ತೇರು ಅಂತ ಇನ್ನೊಂದು ತೇರು ತಗೊಂಡು ಯಾರೂ ಬಂದಿಲ್ಲ. 57473 ವಿಷಯದಲ್ಲೂ ಹಂಗೇ. ಅಪಘಾತದ ಜಾಗ ಗೊತ್ತು, ವರ್ಷ ಗೊತ್ತು, ಜಖಂ ಯಾರ ಕೈಗೆ ಹೋಯ್ತು ಗೊತ್ತು, ಎಂಜಿನ್ ಹೋಗಿದೆ ಅಂತ ಬಚ್ಚಿಡದೆ ಹೇಳಿದ್ದಾರೆ, ಆ ನಂಬರ್ ನಂದು ಅಂತ ಎರಡನೇ ಕಾರು ಎದ್ದು ಬಂದಿಲ್ಲ. ಹಾಗಾಗಿ ನಾನು ಮೂರು ಅಂತಾನೇ ಎಣಿಸ್ತೀನಿ. 57374ರ ಸಾಲಲ್ಲಿ ಇದನ್ನ ನಿಲ್ಲಿಸಲ್ಲ, ಅದು ಬೇರೆ ಮಾತು, ಪಟ್ಟಿಯಿಂದ ಹೊಡೆದು ಹಾಕೋದೂ ಇಲ್ಲ.

ಉಳಿದಿದ್ದು 57453. ಎಲ್ಲರ ನಿದ್ದೆ ಕೆಡಿಸಿರೋದು.

ಇದು ಎರಡನೇ ಅಟ್ಲಾಂಟಿಕ್, 1936ರಲ್ಲಿ ಜಾನ್ ಬುಗಾಟಿ ತಮಗೆ ಅಂತ ಕಟ್ಟಿಸಿಕೊಂಡಿದ್ದು, ಕಪ್ಪು ಬಣ್ಣ, ಅದಕ್ಕೇ ಲಾ ವಾತುರ್ ನ್ವಾರ್, ಅಂದ್ರೆ ಕಪ್ಪು ಕಾರು ಅಂತಲೇ ಹೆಸರಾಯ್ತು. ಕಂಪನಿ ಕ್ಯಾಟಲಾಗ್ ಫೋಟೋಗೆ ನಿಂತಿದ್ದು ಇದೇ, 1937ರಲ್ಲಿ ನೀಸ್ ಮತ್ತೆ ಲಿಯೋನ್ ಮೋಟಾರ್ ಶೋಗಳಲ್ಲಿ ನಿಂತಿದ್ದೂ ಇದೇ. ಜಾನ್ ಓಡಿಸ್ತಿದ್ರು, ಆಪ್ತ ರೇಸ್ ಡ್ರೈವರ್‌ಗಳಿಗೆ ಓಡಿಸೋಕೆ ಕೊಡ್ತಿದ್ರು. ಗಿರಾಕಿಗೆ ಮಾರಿದ ಕಾರಲ್ಲ, ಇಲ್ಲೇ ತೊಡಕಾಗಿದ್ದು. ಮಾರಿದ ಕಾರಿಗೆ ಬಿಲ್ ಇರುತ್ತೆ, ನೋಂದಣಿ ಇರುತ್ತೆ, ಮುಂದಿನ ಮಾಲೀಕ ಇರ್ತಾನೆ, ಅವನ ಮಕ್ಕಳು ಇರ್ತಾರೆ, ಪ್ರತಿ ಕೈ ಬದಲಾದಾಗಲೂ ಒಂದು ಕಾಗದ ಹುಟ್ಟುತ್ತೆ. ಮನೆ ಕಾರಿಗೆ ಇದ್ಯಾವುದೂ ಇರಲ್ಲ. ಅತಿ ಪ್ರೀತಿಯಿಂದ ಇಟ್ಟುಕೊಂಡ ಕಾರೇ ಕಾಗದದಲ್ಲಿ ಅತಿ ಬಡವಾಗಿ ಉಳೀತು.

1938 ಆದ್ಮೇಲೆ ಜಾಡು ಮಸುಕಾಗುತ್ತೆ. 1939ರ ಆಗಸ್ಟ್ 11ಕ್ಕೆ ಮೋಲ್ಶೈಮ್ ಹತ್ರ ರಸ್ತೇಲಿ, ಆ ವರ್ಷ ಲೆ ಮಾನ್ ಕಾರ್ ರೇಸ್ ಗೆದ್ದ ಕಾರನ್ನ ಟೆಸ್ಟ್ ಮಾಡ್ತಿದ್ದಾಗ ಅಡ್ಡ ಬಂದ ಸೈಕಲ್ ಸವಾರನನ್ನ ತಪ್ಪಿಸೋಕೆ ಹೋಗಿ ಜಾನ್ ಮರಕ್ಕೆ ಗುದ್ದಿ ತೀರಿಕೊಂಡ್ರು. ಮೂವತ್ತು ವರ್ಷ. ಮೂರು ವಾರಕ್ಕೆ ಯುದ್ಧ ಶುರು. ಅಲ್ಸೇಸ್ ಜರ್ಮನಿ ಗಡಿ ಪಕ್ಕ, ಫ್ಯಾಕ್ಟರಿಯ ಸಾಮಾನು ಸರಂಜಾಮು ಬೋರ್ಡೋ ಕಡೆ ಸಾಗಿಸೋ ಕೆಲಸ ನಡೀತು. 1941ರ ಫೆಬ್ರವರಿಯಲ್ಲಿ ರೈಲಲ್ಲಿ ಬೋರ್ಡೋಗೆ ಕಳಿಸಬೇಕಾದ ಕಾರುಗಳ ಒಂದು ಪಟ್ಟಿ ಇದೆ, ಕಪ್ಪು ಕಾರಿನ ಕೊನೇ ಸುಳಿವು ಅಂತ ಹುಡುಕೋರು ಹಿಡ್ಕೊಂಡಿರೋದು ಅದನ್ನೇ. ಪಟ್ಟೀಲಿ ಹೆಸರು ಇರೋದು ಕಳಿಸೋ ಉದ್ದೇಶ ಇತ್ತು ಅನ್ನೋದಕ್ಕೆ ಸಾಕ್ಷಿ. ರೈಲು ಹತ್ತಿತು ಅನ್ನೋದಕ್ಕಲ್ಲ, ಇಳೀತು ಅನ್ನೋದಕ್ಕೂ ಅಲ್ಲ. ಎತ್ತೋರೆ 1947ರಲ್ಲಿ ತೀರಿಕೊಂಡ್ರು, ಕೇಳಿ ತಿಳ್ಕೊಳ್ಳೋಕೆ ಇದ್ದ ದೊಡ್ಡ ಬಾಯಿನೂ ಮುಚ್ಚಿಹೋಯ್ತು.

ಯುದ್ಧ ಆದ್ಮೇಲೆ ಹುಡುಕಾಟ ನಡೆದಿಲ್ಲ ಅಂತಲ್ಲ. ಈ ಪ್ರಕರಣದಲ್ಲಿ ನಂಗೆ ಅತಿ ತೂಕದ ಸಾಕ್ಷಿ ಅನ್ನಿಸೋದು ಕಪ್ಪು ಕಾರಿಗೆ ನೇರ ಸಂಬಂಧ ಇಲ್ಲದ ಒಂದು ಸಂಗತಿ. ಅದೇ ಅಲ್ಸೇಸಿನ ಮ್ಯೂಲೂಸಲ್ಲಿ ಜವಳಿ ಮಿಲ್ ಇಟ್ಟಿದ್ದ ಶ್ಲುಂಫ್ ಅಣ್ಣತಮ್ಮ, ಅದ್ರಲ್ಲೂ ಫ್ರಿಟ್ಜ್ ಶ್ಲುಂಫ್, 1960ರ ದಶಕದಲ್ಲಿ ಬುಗಾಟಿ ಕೊಳ್ಳೋ ಹಟಕ್ಕೆ ಬಿದ್ರು. ಬುಗಾಟಿ ಮಾಲೀಕರ ಪಟ್ಟಿ ಹಿಡ್ಕೊಂಡು ಮಾಲೀಕರಿಗೆಲ್ಲ ಪತ್ರ ಬರೆದ್ರು. 1964ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿದ್ದ ಒಬ್ಬರ ಹತ್ರ ಒಂದೇ ಏಟಿಗೆ 30 ಬುಗಾಟಿ ಕೊಂಡು, ರೈಲು ಹಡಗು ಹತ್ತಿಸಿ ತರಿಸಿದ್ರು. 1977ರಲ್ಲಿ ಕೆಲಸಗಾರರು ಮಿಲ್ಲಿಗೆ ನುಗ್ಗಿದಾಗ ಹೊರಗಿನೋರಿಗೆ ಕಂಡಿದ್ದು ಸಾಲು ಸಾಲು ಕಾರು, ಬುಗಾಟಿಗಳೇ ನೂರಕ್ಕೂ ಮೇಲೆ, ಈಗ ಅದು ಮ್ಯೂಲೂಸಿನ ರಾಷ್ಟ್ರೀಯ ಕಾರ್ ಮ್ಯೂಸಿಯಂ. ಮೋಲ್ಶೈಮ್ ಪಕ್ಕದ ಜಿಲ್ಲೆ, ಕೈಯಲ್ಲಿ ದುಡ್ಡು, ಊರೂರಲ್ಲಿ ಏಜೆಂಟ್ರು, ಯುದ್ಧ ಮುಗಿದು ಇಪ್ಪತ್ತೇ ವರ್ಷ, ಫ್ಯಾಕ್ಟರೀಲಿ ಕೆಲಸ ಮಾಡಿದೋರು ಇನ್ನೂ ಬದುಕಿದ್ರು. ಅಷ್ಟಿದ್ರೂ ಆ ಬಲೆಗೆ 57453 ಬೀಳಲಿಲ್ಲ. ಅಲ್ಸೇಸಲ್ಲೋ ಸುತ್ತಮುತ್ತಲೋ ಪೂರ್ತಿ ಕಾರಾಗಿ ಉಳಿದಿದ್ರೆ ಆವತ್ತೇ ಮೇಲೆ ಬರ್ತಿತ್ತು ಅನ್ನೋದು ನನ್ನ ಲೆಕ್ಕ.

ಹಾಗಂತ ಆಸೆ ಪೂರ್ತಿ ಬಿಡೋ ಹಂಗೂ ಇಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ಹತ್ರ ಒಬ್ಬ ಡಾಕ್ಟರ ಗ್ಯಾರೇಜಲ್ಲಿ 57502 ನಂಬರಿನ 57ಎಸ್ ಅಟಲಾಂಟ್, 1960ರ ಆಸುಪಾಸಿಂದ ರಸ್ತೆಗೇ ಇಳೀದೆ ನಿಂತಿತ್ತು. ಮೊದಲು ಅರ್ಲ್ ಹೋವ್ ಅನ್ನೋ ರೇಸ್ ಡ್ರೈವರ್ ಹತ್ರ ಇದ್ದ ಕಾರು. ಡಾಕ್ಟರ್ ಹೋದ್ಮೇಲೆ ಮನೆಯೋರು ಹೊರಗೆ ತೆಗೆದ್ರು, 2009ರ ಫೆಬ್ರವರೀಲಿ ಪ್ಯಾರಿಸ್ ಹರಾಜಲ್ಲಿ 34 ಲಕ್ಷ ಯೂರೋ ದಾಟಿತು. ಐವತ್ತು ವರ್ಷ ಹತ್ತತ್ರ ಒಂದು ಬುಗಾಟಿ ಊರ ಮಧ್ಯೆ ಗ್ಯಾರೇಜಲ್ಲಿ ಬಾಗಿಲು ಹಾಕ್ಕೊಂಡು ಇರಬಹುದು ಅನ್ನೋದು ನಿಜ. ಆದ್ರೆ ಒಂದು ವ್ಯತ್ಯಾಸ ಗಮನಿಸಿ, ಆ ಕಾರು ಮಾರಾಟ ಆಗಿದ್ದ ಕಾರು, ಯಾರ ಕೈಗೆ ಯಾವಾಗ ಹೋಯ್ತು ಅನ್ನೋದು ಬುಗಾಟಿ ಬಲ್ಲೋರಿಗೆ ಗೊತ್ತೇ ಇತ್ತು, ಡಾಕ್ಟರು ಮಾರೋಕೆ ಒಪ್ತಿರಲಿಲ್ಲ ಅಷ್ಟೇ.

ಕಪ್ಪು ಕಾರು ಸಿಕ್ರೆ 10 ಕೋಟಿ ಯೂರೋಗೂ ಮೇಲೆ ಬೆಲೆ ಅಂತ ಬುಗಾಟಿ ಕಂಪನಿನೇ ಹೇಳುತ್ತೆ, 2019ರಲ್ಲಿ ಅದರ ನೆನಪಿಗೆ ಅಂತ ಅದೇ ಹೆಸರಿನ ಹೊಸ ಕಾರು ಒಂದೇ ಒಂದು ಕಟ್ಟಿ ತೆರಿಗೆ ಬಿಟ್ಟು 1.1 ಕೋಟಿ ಯೂರೋಗೆ ಮಾರಿದ್ರು. ಇಷ್ಟು ದುಡ್ಡು ಇರೋ ಕಡೆ ಸುಳ್ಳು ಕಾರೂ ಬರುತ್ತೆ ಅಂತ ಹುಡುಕೋರಿಗೆ ಚೆನ್ನಾಗಿ ಗೊತ್ತು. ಅಟ್ಲಾಂಟಿಕ್ ಬಾಡಿ ತಟ್ಟಿ ಕೊಡೋ ಕುಶಲಿಗಳು ಇದಾರೆ, ನಿಜವಾದ ಟೈಪ್ 57 ಚಾಸಿಸ್ ಮೇಲೆ ರೆಪ್ಲಿಕಾ ಅಂತ ಹೇಳಿಯೇ ಕಟ್ಟಿಸಿಕೊಂಡೋರೂ ಇದಾರೆ, ರಿವೆಟ್ ಏಣು ಕೂಡ ಅಚ್ಚುಕಟ್ಟಾಗಿ ಬಂದಿರುತ್ತೆ. ಹಾಗಾಗಿ ಬಾಡಿ ನೋಡೋದು ಕೊನೆಗೆ. ಮೊದಲು ಕೆಳಗೆ ಬಗ್ಗಿ ನೋಡೋದು, ಹಿಂದಿನ ಆಕ್ಸಲ್ ಚಾಸಿಸ್ ಒಳಗಿಂದ ಹಾದು ಹೋಗಿದೆಯಾ ಅಂತ. ಇಲ್ಲ ಅಂದ್ರೆ ಮಾಮೂಲಿ 57, ಅಲ್ಲಿಗೆ ಮಾತು ಮುಗೀತು. ಹಾದು ಹೋಗಿದ್ರೆ ಎಂಜಿನ್ ನಂಬರ್, 57ಎಸ್ ಎಂಜಿನ್‌ಗಳಿಗೆ ಬೇರೆಯದೇ ಸರಣಿ, ಅಂಕಿ ಆದ್ಮೇಲೆ ಎಸ್ ಅಕ್ಷರ, ನ್ಯೂಕಾಸಲ್ ಕಾರಿಂದು 26ಎಸ್. ಆಮೇಲೆ ಗೇರ್‌ಬಾಕ್ಸ್, ಆಕ್ಸಲ್ ಮೇಲಿನ ಅಂಕಿಗಳು, ಅಂಕಿ ಹೊಡೆದ ಪಂಚಿನ ಆಕಾರ, ಸುತ್ತಲಿನ ಲೋಹದ ವಯಸ್ಸು. ಎಲ್ಲಾನೂ ಫ್ಯಾಕ್ಟರಿ ದಾಖಲೆ ಜೊತೆ ಇಟ್ಟು ಓದಬೇಕು, ಇಂಗ್ಲೆಂಡಿನ ಪ್ರೆಸ್ಕಾಟಲ್ಲಿ ಬುಗಾಟಿ ಟ್ರಸ್ಟ್ ಅಂತ ಇದೆ, ಹಳೇ ಡ್ರಾಯಿಂಗ್, ಫೋಟೋ, ಕಾಗದ ಪತ್ರ ಕಾಯ್ದಿಟ್ಟಿರೋರು ಅವರು.

ಅದು ತುಂಡು ತುಂಡಾಗಿ ಹರಿದು ಹಂಚಿ ಹೋಗಿರೋ ಸಾಧ್ಯತೆನೇ ಜಾಸ್ತಿ ಅಂತ ನಂಗನ್ನಿಸುತ್ತೆ. ಯುದ್ಧ ಕಾಲದಲ್ಲಿ ಅಲ್ಯುಮಿನಿಯಂಗೆ ಬೆಲೆ ಇತ್ತು, ಬಾಡಿ ಗುಜರಿಗೆ ಹೋಗಿರಬಹುದು, ಆದ್ರೆ ಗೇರ್‌ಬಾಕ್ಸೋ ಆಕ್ಸಲ್ಲೋ ಯಾವ್ದೋ ಬೇರೆ ಟೈಪ್ 57 ಹೊಟ್ಟೇಲಿ ಇವತ್ತಿಗೂ ಓಡ್ತಿರಬಹುದು. ಹಾಗಾಗಿ ಯಾರಾದ್ರೂ ಫ್ರಾನ್ಸಿನ ಹಳ್ಳಿ ಶೆಡ್ಡಿಂದ ಫೋನ್ ಮಾಡಿ ಕಪ್ಪು ಕಾರು ಸಿಕ್ತು ಅಂದ್ರೆ ನಾನು ಫೋಟೋ ಕೇಳಲ್ಲ. ಜಿಡ್ಡು ಒರೆಸಿ, ತೆಳ್ಳನೆ ಪೇಪರ್ ಇಟ್ಟು, ಪೆನ್ಸಿಲ್ ಅಡ್ಡ ಮಲಗಿಸಿ ಉಜ್ಜಿ, ಮೊದಲು ಆ ಪ್ರಿಂಟ್ ಕಳಿಸಿ ಅಂತೀನಿ.